ಹನ್ನೊಂದು ತಿಂಗಳು ಮುಗಿದ ಮೇಲೆ ಮನೆಯಲ್ಲಿರುವವರು ಯಾರು?

ಬೆಂಗಳೂರಿನ ಬನಶಂಕರಿಯಲ್ಲೋ ವಿಜಯನಗರದಲ್ಲೋ ಮೊದಲ ಮಹಡಿಯ ಮನೆಯೊಂದನ್ನು ಒಂದು ಕುಟುಂಬ 2024ರ ಜೂನ್ 1ರಿಂದ ಬಾಡಿಗೆಗೆ ಹಿಡಿದಿದೆ ಎಂದುಕೊಳ್ಳೋಣ. ತಿಂಗಳ ಬಾಡಿಗೆ 18,000 ರೂಪಾಯಿ, ಅಡ್ವಾನ್ಸ್ ಒಂದೂವರೆ ಲಕ್ಷ. ಕರಾರುಪತ್ರವನ್ನು ಟೈಪಿಂಗ್ ಅಂಗಡಿಯವನು ತನ್ನಲ್ಲಿದ್ದ ಹಳೆಯ ಫೈಲಿನಲ್ಲಿ ಹೆಸರು, ವಿಳಾಸ ಬದಲಿಸಿ ಇ-ಸ್ಟ್ಯಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆದುಕೊಟ್ಟಿದ್ದಾನೆ. ಅವಧಿ ಹನ್ನೊಂದು ತಿಂಗಳು, ಎಂದರೆ 2025ರ ಏಪ್ರಿಲ್ 30ಕ್ಕೆ ಮುಗಿಯಿತು. ಆ ದಿನ ಆ ಮನೆಯಲ್ಲಿ ವಿಶೇಷವೇನೂ ನಡೆಯುವುದಿಲ್ಲ. ಮೇ 5ರಂದು ಎಂದಿನಂತೆ ಫೋನಿನಿಂದ 18,000 ರೂಪಾಯಿ ಓನರ್ ಖಾತೆಗೆ ಹೋಗುತ್ತದೆ. ಮೆಟ್ಟಿಲ ಬಳಿ ಎದುರಾದಾಗ "ಪತ್ರ ಮುಗಿದಿದೆಯಲ್ಲಾ ಸರ್, ಹೊಸದು ಮಾಡಿಸೋಣವೇ?" ಎಂದು ಕೇಳಿದರೆ "ಆಯ್ತು, ಮಾಡಿಸೋಣ ಬಿಡಿ, ಏನವಸರ" ಎಂಬ ಉತ್ತರ ಬರುತ್ತದೆ. ಹಾಗೆಯೇ ಎರಡು ವರ್ಷ ಕಳೆಯುವುದೂ ಉಂಟು.

ಈ ಎರಡು ವರ್ಷ ಆ ಕುಟುಂಬ ಯಾವ ಹಕ್ಕಿನ ಮೇಲೆ ಅಲ್ಲಿ ವಾಸವಿರುತ್ತದೆ ಎಂಬ ಪ್ರಶ್ನೆ ಜಗಳ ಹುಟ್ಟುವವರೆಗೂ ಯಾರಿಗೂ ಹೊಳೆಯುವುದಿಲ್ಲ. ಹೊಳೆದಾಗ ಎರಡೂ ಕಡೆಯವರು ಸಾಮಾನ್ಯವಾಗಿ ತಪ್ಪು ತಿಳಿವಳಿಕೆಯಿಂದಲೇ ಮಾತು ಶುರುಮಾಡುತ್ತಾರೆ. ಪತ್ರ ಮುಗಿದಿದೆ, ಆದ್ದರಿಂದ ನಾಳೆಯೇ ಬೀಗ ಹಾಕಬಹುದು ಎಂದು ಓನರ್ ಭಾವಿಸುತ್ತಾರೆ. ಪತ್ರ ಮುಗಿದರೂ ಬಾಡಿಗೆ ಕಟ್ಟುತ್ತಿದ್ದೇನೆ, ಆದ್ದರಿಂದ ಯಾರೂ ಅಲುಗಾಡಿಸಲಾರರು ಎಂದು ಬಾಡಿಗೆದಾರರು ಭಾವಿಸುತ್ತಾರೆ. ಕಾನೂನು ನೋಡುವುದು ಏಪ್ರಿಲ್ 30ರ ನಂತರ ಇಬ್ಬರೂ ಹೇಗೆ ನಡೆದುಕೊಂಡರು ಎಂಬುದನ್ನು. ಅದರಲ್ಲೂ ಮೇ 5ರ ಆ ಹಣವನ್ನು ಓನರ್ ಏನೆಂದು ಸ್ವೀಕರಿಸಿದರು ಎಂಬುದನ್ನು.

ಮೊದಲು ಈ ಹನ್ನೊಂದರ ಲೆಕ್ಕ ಎಲ್ಲಿಂದ ಬಂತು ಎಂದು ನೋಡಬೇಕು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ ಮತ್ತು ಖರ್ಚು ತಪ್ಪಿಸಲು ಒಂದು ತಿಂಗಳು ಕಡಿಮೆ ಬರೆಯುವ ರೂಢಿ ಬಂದಿದೆ, ಅಷ್ಟೆ. ಹನ್ನೊಂದು ತಿಂಗಳು ಎಂದು ಬರೆಸಿದರೆ ಬಾಡಿಗೆದಾರರನ್ನು ಎಬ್ಬಿಸುವುದು ಸುಲಭ ಎಂದಾಗಲಿ, ಹನ್ನೆರಡಾದರೆ ಅವರಿಗೆ ಮನೆಯ ಮೇಲೆ ಹಕ್ಕು ಬಂದುಬಿಡುತ್ತದೆ ಎಂದಾಗಲಿ ಬ್ರೋಕರ್‌ಗಳು ಹೇಳುವ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ.

ಯಾವ ಕಾಯ್ದೆ ಅನ್ವಯಿಸುತ್ತದೆ ಎಂಬುದು ಎರಡನೆಯ ಪ್ರಶ್ನೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಜಾಗಕ್ಕೆ ಬಂದ ಕರ್ನಾಟಕ ಬಾಡಿಗೆ ಕಾಯ್ದೆ, 1999 ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ, ಉಳಿದ ಕಡೆ 2,000 ರೂಪಾಯಿ ಮೀರಿದ ವಾಸದ ಮನೆಗಳನ್ನು ಆ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. 14 ಚದರ ಮೀಟರಿಗಿಂತ ದೊಡ್ಡದಾದ ವಾಣಿಜ್ಯ ಮಳಿಗೆಗಳನ್ನೂ ಹೊರಗಿಟ್ಟಿತು. ಆ ಮಿತಿಯ ಒಳಗಿರುವ ಹಳೆಯ ವಠಾರದ ಮನೆಗಳಲ್ಲಿ ಅವಧಿ ಮುಗಿಯಿತು ಎಂಬುದಷ್ಟೇ ಖಾಲಿ ಮಾಡಿಸಲು ಕಾರಣವಾಗುವುದಿಲ್ಲ. ಬಾಡಿಗೆ ಬಾಕಿ, ಮಾಲೀಕರಿಗೆ ನಿಜವಾಗಿ ಮನೆಯ ಅಗತ್ಯ ಮುಂತಾಗಿ 27ನೇ ಸೆಕ್ಷನ್ನಿನಲ್ಲಿ ಎಣಿಸಿರುವ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕು. ಆದರೆ ಇಂದು 3,500 ರೂಪಾಯಿಗೆ ನಗರದಲ್ಲಿ ಒಂದು ಶೆಡ್ ಸಿಗುವುದೂ ಕಷ್ಟ. ಹೀಗಾಗಿ ನಾವು ಊಹಿಸಿದಂಥ ಕುಟುಂಬಗಳಿಗೆಲ್ಲ ಉಳಿಯುವುದು ಬಾಡಿಗೆದಾರರ ರಕ್ಷಣೆಗೆಂದು ಬರೆದ ಕಾಯ್ದೆಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಆ ಕಾಯ್ದೆಯ ಮೊದಲ ಉತ್ತರ ನಿಷ್ಠುರವಾಗಿದೆ. 111ನೇ ಸೆಕ್ಷನ್ನಿನ ಎ ಉಪವಾಕ್ಯದ ಪ್ರಕಾರ ಗೊತ್ತುಪಡಿಸಿದ ಕಾಲ ಸಂದುಹೋದೊಡನೆ ಕರಾರು ತಾನಾಗಿ ಕೊನೆಗೊಳ್ಳುತ್ತದೆ. 108ನೇ ಸೆಕ್ಷನ್ನಿನ ಪ್ರಕಾರ ಸ್ವಾಧೀನವನ್ನು ಮಾಲೀಕರಿಗೆ ಬಿಟ್ಟುಕೊಡುವುದು ಆಗ ಬಾಡಿಗೆದಾರರ ಕರ್ತವ್ಯ. ಖಾಲಿ ಮಾಡಿ ಎಂದು ಪ್ರತ್ಯೇಕ ನೋಟಿಸ್ ಕೊಡಬೇಕಾದ ಅಗತ್ಯವೂ ಇಲ್ಲ. ಅವಧಿ ಮುಗಿದು ಕೊನೆಗೊಂಡ ಕರಾರಿಗೆ 106ನೇ ಸೆಕ್ಷನ್ನಿನ ನೋಟಿಸ್ ಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಶಾಂತಿದೇವಿ ಪ್ರಕರಣದಲ್ಲಿ ಹೇಳಿದೆ. ಮಾಲೀಕರ ಒಪ್ಪಿಗೆಯಿಲ್ಲದೆ ಉಳಿದುಕೊಂಡ ವ್ಯಕ್ತಿ ಅತಿಕ್ರಮಣಕಾರನಿಗಿಂತ ಒಂದು ಮೆಟ್ಟಿಲು ಮೇಲೆ ನಿಲ್ಲುತ್ತಾನೆ, ಏಕೆಂದರೆ ಅವನು ಒಳಗೆ ಬಂದದ್ದು ಕಾನೂನುಬದ್ಧವಾಗಿ. ಆದರೆ ಇನ್ನು ಮುಂದೆ ಇರಲು ಅವನಿಗೆ ಹಕ್ಕೇನೂ ಇಲ್ಲ. 1995ರ ಭೂಪಾಲ್ ಪ್ರಸಾದ್ ಪ್ರಕರಣದಲ್ಲಿ, ಅವಧಿ ಮುಗಿದ ಮೇಲೂ ಉಳಿದಿದ್ದ ಆಂಧ್ರದ ಚಿತ್ರಮಂದಿರವೊಂದರ ಬಾಡಿಗೆದಾರರ ಸ್ಥಾನವನ್ನು ಇದೇ ಬಗೆಯಲ್ಲಿ ನ್ಯಾಯಾಲಯ ವಿವರಿಸಿತು.

ಇಷ್ಟೇ ಆಗಿದ್ದರೆ ಬೆಂಗಳೂರಿನ ಬಹುಪಾಲು ಬಾಡಿಗೆದಾರರು ಹೀಗೆ ಹಕ್ಕಿಲ್ಲದೆ ಉಳಿದವರ ಸಾಲಿಗೇ ಸೇರುತ್ತಿದ್ದರು. ಹಾಗಾಗದಂತೆ ತಡೆಯುವುದು 116ನೇ ಸೆಕ್ಷನ್. ಅವಧಿ ಮುಗಿದ ಮೇಲೆ ಬಾಡಿಗೆದಾರರು ಸ್ವಾಧೀನದಲ್ಲಿ ಮುಂದುವರಿದು, ಮಾಲೀಕರು ಬಾಡಿಗೆ ಸ್ವೀಕರಿಸಿದರೆ ಅಥವಾ ಬೇರೆ ರೀತಿಯಲ್ಲಿ ಸಮ್ಮತಿ ತೋರಿದರೆ, ಅದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿರುವಾಗ, ಕರಾರು ನವೀಕರಣಗೊಂಡಂತೆ. ವಾಸದ ಮನೆಯಾದರೆ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗುತ್ತದೆ. ಹನ್ನೊಂದು ತಿಂಗಳ ಕರಾರು ಮತ್ತೆ ಹನ್ನೊಂದು ತಿಂಗಳಿಗೆ ಮುಂದುವರಿಯುತ್ತದೆ ಎಂದು ಅನೇಕರು ನಂಬಿದ್ದಾರೆ, ಅದು ಸರಿಯಲ್ಲ. ಬಾಡಿಗೆಯ ಮೊತ್ತ, ಮನೆಯ ಬಳಕೆ ಮುಂತಾದ ಹಳೆಯ ಷರತ್ತುಗಳು ಸಾಮಾನ್ಯವಾಗಿ ಮುಂದುವರಿಯುತ್ತವೆ, ಅವಧಿ ಮಾತ್ರ ಮುಂದುವರಿಯುವುದಿಲ್ಲ.

ತೊಡಕು ಇರುವುದು ಸಮ್ಮತಿ ಎಂಬ ಪದದಲ್ಲಿ. ಭವಾನ್‌ಜಿ ಲಖಂಶಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ತತ್ವದಂತೆ ಈ ನವೀಕರಣ ಇಬ್ಬರೂ ಸೇರಿ ಮಾಡಬೇಕಾದದ್ದು; ಒಬ್ಬರು ಹಣ ಕಳಿಸಿದ ಮಾತ್ರಕ್ಕೆ ಆಗುವಂಥದ್ದಲ್ಲ. ಬಾಡಿಗೆ ರಸೀದಿಯ ಕಾಲದಲ್ಲಿ ಇದನ್ನು ಗುರುತಿಸುವುದು ಸುಲಭವಿತ್ತು. ಬಾಡಿಗೆದಾರರು ನೋಟುಗಳನ್ನು ಚಾಚುತ್ತಿದ್ದರು, ಮಾಲೀಕರು ಎಣಿಸಿ ತೆಗೆದುಕೊಂಡು ರಸೀದಿಗೆ ರುಜು ಹಾಕುತ್ತಿದ್ದರು, ಇಲ್ಲವೇ ಬೇಡವೆಂದು ಬಾಗಿಲು ಹಾಕುತ್ತಿದ್ದರು. ಹಾಗೆ ಬೇಡವೆಂದಾಗ ಮನಿಯಾರ್ಡರ್ ಕಳಿಸಿ, 'ನಿರಾಕರಿಸಲಾಗಿದೆ' ಎಂಬ ಷರಾದೊಂದಿಗೆ ಅದು ವಾಪಸ್ ಬಂದರೆ ಆ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಹಳೆಯ ಬಾಡಿಗೆದಾರರ ಜಾಣ್ಮೆಯಾಗಿತ್ತು. ಈಗ ಹಣ ಯುಪಿಐ ಮೂಲಕ ನೇರವಾಗಿ ಖಾತೆಗೆ ಬೀಳುತ್ತದೆ. ಮಾಲೀಕರು ನಿದ್ದೆಯಲ್ಲಿದ್ದಾಗಲೂ ಬೀಳಬಹುದು. ಬಂದ ಹಣವನ್ನು ಬೇಡವೆನ್ನಲು ಅದರಲ್ಲಿ ಗುಂಡಿಯಿಲ್ಲ. ಬೇಡವೆನ್ನಬೇಕಾದರೆ ಮಾಲೀಕರೇ ತಿರುಗಿ ಕಳಿಸಬೇಕು. ಹಾಗಾದರೆ ಖಾತೆಗೆ ಜಮೆಯಾದದ್ದು ಸ್ವೀಕಾರವೇ?

ನನ್ನ ಮಟ್ಟಿಗೆ ಇದಕ್ಕೆ ಉತ್ತರ ಜಮೆಯಲ್ಲಿಲ್ಲ, ಜಮೆಯ ನಂತರದ ನಡವಳಿಕೆಯಲ್ಲಿದೆ. ಖಾಲಿ ಮಾಡಲು ನೋಟಿಸ್ ಕೊಟ್ಟ ಮೇಲೆ ಬಾಡಿಗೆ ಪಡೆದ ಮಾತ್ರಕ್ಕೆ ಆ ನೋಟಿಸನ್ನು ಬಿಟ್ಟುಕೊಟ್ಟಂತಾಗುವುದಿಲ್ಲ, ಬಾಡಿಗೆ ಸಂಬಂಧ ಮುಂದುವರಿಸುವ ಉದ್ದೇಶ ಕಾಣಬೇಕು ಎಂದು 2006ರ ಸರೂಪ್ ಸಿಂಗ್ ಗುಪ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ತರ್ಕವನ್ನು ಇಲ್ಲಿಗೂ ಹಿಡಿದರೆ, "ಈ ಹಣವನ್ನು ಬಾಡಿಗೆಯೆಂದು ಪಡೆಯುತ್ತಿಲ್ಲ, ಮನೆ ಬಳಸಿದ್ದಕ್ಕೆ ನಷ್ಟಭರ್ತಿಯಾಗಿ, ನನ್ನ ಹಕ್ಕುಗಳಿಗೆ ಬಾಧೆಯಿಲ್ಲದಂತೆ ಜಮೆ ಮಾಡಿಕೊಂಡಿದ್ದೇನೆ" ಎಂದು ಮೇ 6ರಂದೇ ಬರೆದು ತಿಳಿಸಿದ ಮಾಲೀಕರ ಸ್ಥಿತಿ ಒಂದು. ಎಂಟು ತಿಂಗಳು ಸುಮ್ಮನಿದ್ದು, ನಡುವೆ "ಮುಂದಿನ ತಿಂಗಳಿಂದ ಸಾವಿರ ಜಾಸ್ತಿ ಹಾಕಿ" ಎಂದು ವಾಟ್ಸ್ಆ್ಯಪ್ ಮಾಡಿ, ನಂತರ ಒಪ್ಪಿಗೆ ಇರಲಿಲ್ಲ ಎನ್ನುವ ಮಾಲೀಕರ ಸ್ಥಿತಿ ಬೇರೆ. ಆ ಒಂದು ಸಾವಿರದ ಮೆಸೇಜೇ ಸಮ್ಮತಿಗೆ ಬಲವಾದ ಸಾಕ್ಷ್ಯವಾಗುತ್ತದೆ. ಬಾಡಿಗೆದಾರರ ಕಡೆಯಿಂದ ಹೇಳುವುದಾದರೆ, ಹಣ ಕಳಿಸುವಾಗ ಷರಾ ಬರೆಯುವ ಪುಟ್ಟ ಜಾಗದಲ್ಲಿ 'ಮೇ 2025ರ ಬಾಡಿಗೆ' ಎಂದು ತುಂಬುವುದಕ್ಕೆ ಹತ್ತು ಸೆಕೆಂಡ್ ಸಾಕು.

ಸಮ್ಮತಿ ಸಿಕ್ಕಿ ತಿಂಗಳ ಬಾಡಿಗೆಯಾಗಿ ಮಾರ್ಪಟ್ಟಿತು ಎನ್ನೋಣ. ಆಗಲೂ ಬಾಡಿಗೆದಾರರಿಗೆ ದೊರೆಯುವ ಭದ್ರತೆ ಹದಿನೈದು ದಿನದ್ದು. 106ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಇಂಥ ಬಾಡಿಗೆಯನ್ನು ಯಾರು ಬೇಕಾದರೂ ಹದಿನೈದು ದಿನದ ನೋಟಿಸ್ ಕೊಟ್ಟು ಮುಗಿಸಬಹುದು, ಕಾರಣ ಹೇಳಬೇಕಾಗಿಲ್ಲ. ಹಿಂದೆ ಆ ನೋಟಿಸ್ ಬಾಡಿಗೆ ತಿಂಗಳ ಕೊನೆಯ ದಿನಕ್ಕೆ ಸರಿಯಾಗಿ ಮುಗಿಯಬೇಕಿತ್ತು. ಒಂದು ದಿನ ಹೆಚ್ಚುಕಡಿಮೆಯಾಗಿ ದಾವೆಯೇ ಬಿದ್ದುಹೋದ ಪ್ರಕರಣಗಳು ಕಾನೂನು ವರದಿಗಳಲ್ಲಿ ರಾಶಿಯಾಗಿವೆ. 2002ರ ತಿದ್ದುಪಡಿ ಆ ಬಿಗಿಯನ್ನು ಸಡಿಲಿಸಿತು. ಈಗ ನೋಟಿಸ್ ಕೈಸೇರಿದ ದಿನದಿಂದ ಹದಿನೈದು ದಿನ ಎಣಿಸಿದರೆ ಸಾಕು, ನೋಟಿಸಿನಲ್ಲಿ ದಿನ ಕಡಿಮೆ ಬರೆದಿದ್ದರೂ ಆ ಅವಧಿ ಕಳೆದ ಮೇಲೆ ದಾವೆ ಹೂಡಿದ್ದರೆ ಅಡ್ಡಿಯಿಲ್ಲ. ನೋಟಿಸ್ ಬರಹದಲ್ಲಿರಬೇಕು, ರುಜು ಇರಬೇಕು, ಅಂಚೆಯಲ್ಲಿ ಅಥವಾ ಕೈಯಾರೆ ತಲುಪಿಸಬೇಕು, ಅದು ಸಾಧ್ಯವಾಗದಿದ್ದರೆ ಮನೆಯ ಎದ್ದುಕಾಣುವ ಭಾಗಕ್ಕೆ ಅಂಟಿಸಬಹುದು. ಫೋನಿನಲ್ಲಿ "ಮುಂದಿನ ತಿಂಗಳು ಬಿಟ್ಟುಬಿಡಿ" ಎಂದದ್ದನ್ನು ನೋಟಿಸ್ ಎಂದು ನಂಬಿಕೊಳ್ಳುವುದು ಮಾಲೀಕರಿಗೆ ಲಾಭದಾಯಕವಲ್ಲ. ಇನ್ನು ಮುಗಿದುಹೋದ ಪತ್ರದಲ್ಲಿ 'ಎರಡು ತಿಂಗಳ ಮುಂಗಡ ನೋಟಿಸ್' ಎಂದಿದ್ದರೆ ಆ ಷರತ್ತು ಹೊಸ ತಿಂಗಳ ಬಾಡಿಗೆಗೂ ದಾಟಿಬರುತ್ತದೆಯೇ ಎಂಬುದರ ಮೇಲೆ ವಾದ ಬೆಳೆಸಲು ಎರಡೂ ಕಡೆಯ ವಕೀಲರಿಗೆ ಸಾಕಷ್ಟು ಅವಕಾಶವಿದೆ.

ನವೀಕರಣದ ಷರತ್ತು ಪತ್ರದಲ್ಲೇ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಸಾಮಾನ್ಯವಾಗಿ ಅದರ ಒಕ್ಕಣೆ 'ಉಭಯತ್ರರ ಒಪ್ಪಿಗೆಯ ಮೇರೆಗೆ ಶೇಕಡಾ 5ರ ಹೆಚ್ಚಳದೊಂದಿಗೆ ನವೀಕರಿಸತಕ್ಕದ್ದು' ಎಂದಿರುತ್ತದೆ. ಒಪ್ಪಿಗೆಯ ಮೇರೆಗೆ ಎಂದ ಮೇಲೆ ಒಪ್ಪದಿರುವ ಸ್ವಾತಂತ್ರ್ಯವೂ ಉಳಿಯಿತು; ಆ ವಾಕ್ಯ ಯಾರಿಗೂ ಏನನ್ನೂ ಕೊಡುವುದಿಲ್ಲ. ಅವಧಿಯನ್ನು ವಿಸ್ತರಿಸುವುದಕ್ಕೂ ನವೀಕರಿಸುವುದಕ್ಕೂ ವ್ಯತ್ಯಾಸವಿದೆ, ನವೀಕರಣ ಎಂದರೆ ಹೊಸ ಕರಾರು, ಅದಕ್ಕೆ ಹೊಸ ಪತ್ರ ಆಗಬೇಕು ಎಂದು 2003ರ ಲಾಲ್‌ಜಿ ಟಂಡನ್ ತೀರ್ಪು ಸ್ಪಷ್ಟಪಡಿಸಿದೆ. ಹಳೆಯ ಪತ್ರದ ಬೆನ್ನಿಗೆ ಪೆನ್ನಿನಲ್ಲಿ 'ಇನ್ನೂ 11 ತಿಂಗಳು' ಎಂದು ಬರೆದು ಇಬ್ಬರೂ ಸಣ್ಣದಾಗಿ ರುಜು ಹಾಕುವ ಪದ್ಧತಿ ಜಗಳವಿಲ್ಲದಿರುವಾಗ ಮಾತ್ರ ಚೆನ್ನ. ಇದಕ್ಕೆ ತದ್ವಿರುದ್ಧವಾಗಿ ಮೂರೋ ಐದೋ ವರ್ಷಕ್ಕೆ ಬರೆದು ನೋಂದಾಯಿಸದೆ ಬಿಟ್ಟ ಪತ್ರಗಳಿವೆ. 2000ದ ಆಂಥನಿ ಪ್ರಕರಣದಲ್ಲಿ ಕೇರಳದ ಇಂಥದೇ ಐದು ವರ್ಷದ ಪತ್ರ ಸುಪ್ರೀಂ ಕೋರ್ಟ್ ಮುಂದೆ ಬಂತು. ಐದು ವರ್ಷದ ಹಕ್ಕು ಆ ಪತ್ರದಿಂದ ಹುಟ್ಟದು, ಆದರೆ ಸ್ವಾಧೀನ ಕೊಟ್ಟು ಬಾಡಿಗೆ ಪಡೆದದ್ದರಿಂದ ಬಾಡಿಗೆ ಸಂಬಂಧವಂತೂ ಹುಟ್ಟಿದೆ ಎಂಬುದು ನ್ಯಾಯಾಲಯದ ನಿಲುವು. ಅಂದರೆ ಐದು ವರ್ಷ ನಿಶ್ಚಿಂತೆ ಎಂದುಕೊಂಡವರು ವಾಸ್ತವದಲ್ಲಿ ಮೊದಲ ದಿನದಿಂದಲೂ ತಿಂಗಳ ಲೆಕ್ಕದಲ್ಲೇ ಇದ್ದರು.

ಹಕ್ಕು ಮುಗಿದಿದೆ ಎಂಬುದಕ್ಕೂ ಹೊರಗೆ ಹಾಕಬಹುದು ಎಂಬುದಕ್ಕೂ ನಡುವೆ ನ್ಯಾಯಾಲಯವಿದೆ. ನೀರಿನ ಮೋಟಾರ್ ಆಫ್ ಮಾಡುವುದು, ವಿದ್ಯುತ್ ಫ್ಯೂಸ್ ಕೀಳುವುದು, ಮನೆಯವರು ಊರಿಗೆ ಹೋದಾಗ ಬೀಗದ ಮೇಲೆ ಇನ್ನೊಂದು ಬೀಗ ಜಡಿಯುವುದು ನಮ್ಮ ಬೀದಿಗಳಲ್ಲಿ ಹೊಸದೇನಲ್ಲ. ಅವಧಿ ಮುಗಿದಿದ್ದರೂ ನೆಲೆಗೊಂಡ ಸ್ವಾಧೀನದಲ್ಲಿರುವವರನ್ನು ಕಾನೂನಿನ ಮಾರ್ಗ ಬಿಟ್ಟು ಬೇರೆ ರೀತಿಯಲ್ಲಿ ಹೊರಹಾಕುವಂತಿಲ್ಲ ಎಂದು 1989ರ ಕೃಷ್ಣರಾಮ ಮಹಾಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗೆ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿಯಲ್ಲಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು, ಅಲ್ಲಿ ಮಾಲೀಕತ್ವದ ಪ್ರಶ್ನೆಯೇ ಏಳುವುದಿಲ್ಲ. ಮಾಲೀಕರಿಗಿರುವ ದಾರಿ ಖಾಲಿ ಮಾಡಿಸುವ ದಾವೆ. ಅದರ ಕೋರ್ಟ್ ಶುಲ್ಕವನ್ನು ಮನೆಯ ಬೆಲೆಯ ಮೇಲಲ್ಲದೆ ಒಂದು ವರ್ಷದ ಬಾಡಿಗೆಯ ಮೇಲೆ ಲೆಕ್ಕಹಾಕುವುದರಿಂದ ಅದು ದುಬಾರಿಯಲ್ಲ. ದುಬಾರಿಯಾಗುವುದು ಕಾಲ.

ಆ ಕಾಲಕ್ಕೆ ಬೆಲೆ ಕಟ್ಟುವ ವ್ಯವಸ್ಥೆಯೂ ಇದೆ, ಇದು ಹಟಕ್ಕೆ ಕೂರುವ ಬಾಡಿಗೆದಾರರಿಗೆ ತಿಳಿದಿರಬೇಕಾದ ಸಂಗತಿ. ಹಕ್ಕಿಲ್ಲದೆ ಉಳಿದ ಅವಧಿಗೆ ಕೊಡಬೇಕಾದ, ವಕೀಲರು ಮೀನ್ ಪ್ರಾಫಿಟ್ಸ್ ಎನ್ನುವ ನಷ್ಟಭರ್ತಿಯನ್ನು ಹಳೆಯ ಬಾಡಿಗೆಗೇ ಕಟ್ಟಿಹಾಕಬೇಕಾಗಿಲ್ಲ. ಖಾಲಿ ಮಾಡಬೇಕೆಂದು ನ್ಯಾಯಾಲಯ ಡಿಕ್ರಿ ಎಂಬ ಆದೇಶ ಕೊಟ್ಟ ಮೇಲೆ ಮೇಲ್ಮನವಿಯ ನೆಪದಲ್ಲಿ ಉಳಿಯುವವರಿಗೆ, ಆ ಜಾಗ ಬಿಟ್ಟಿದ್ದರೆ ಮಾರುಕಟ್ಟೆಯಲ್ಲಿ ಎಷ್ಟು ಬಾಡಿಗೆ ಬರುತ್ತಿತ್ತೋ ಅಷ್ಟನ್ನು ಕಟ್ಟುವ ಷರತ್ತು ಹಾಕಬಹುದು ಎಂದು 2004ರ ಆತ್ಮಾರಾಂ ಪ್ರಾಪರ್ಟೀಸ್ ತೀರ್ಪು ಹೇಳುತ್ತದೆ. 2021ರ ಜೂನ್ 2ರಂದು ಕೇಂದ್ರ ಸಚಿವ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇನ್ನೂ ಮುಂದೆ ಹೋಗಿ, ಅವಧಿ ಮೀರಿ ಉಳಿದ ಮೊದಲ ಎರಡು ತಿಂಗಳಿಗೆ ದುಪ್ಪಟ್ಟು, ನಂತರ ನಾಲ್ಕುಪಟ್ಟು ಬಾಡಿಗೆ ವಿಧಿಸುತ್ತದೆ. ಜೊತೆಗೆ ವಾಸದ ಮನೆಯ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎನ್ನುತ್ತದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಬಂಧನಕಾರಿ. ಹತ್ತು ತಿಂಗಳ ಅಡ್ವಾನ್ಸ್ ಕೇಳುವ ಊರಿನಲ್ಲಿ ಅದರ ಒಂದು ಅರ್ಧ ಮಾಲೀಕರಿಗೆ ಹಿತ, ಇನ್ನೊಂದು ಅರ್ಧ ಕಹಿ.

ಹನ್ನೆರಡು ವರ್ಷ ಇದ್ದರೆ ಮನೆ ಬಾಡಿಗೆದಾರರದ್ದಾಗುತ್ತದೆ ಎಂಬ ಭಯಕ್ಕೂ ಇಲ್ಲೊಂದು ಎಳೆ ಸಿಗುತ್ತದೆ. ಬಾಡಿಗೆ ಸಂಬಂಧ ಇರುವವರೆಗೆ ಎಷ್ಟು ದಶಕ ಕಳೆದರೂ ಬಾಡಿಗೆದಾರರು ಮಾಲೀಕರಾಗುವುದಿಲ್ಲ. ಆದರೆ ಕಾಲಮಿತಿ ಕಾಯ್ದೆಯ 67ನೇ ಅನುಚ್ಛೇದ ಬಾಡಿಗೆದಾರರಿಂದ ಸ್ವಾಧೀನ ಪಡೆಯುವ ದಾವೆಗೆ ಹನ್ನೆರಡು ವರ್ಷದ ಗಡುವು ಇಟ್ಟಿದೆ, ಆ ಎಣಿಕೆ ಶುರುವಾಗುವುದು ಬಾಡಿಗೆ ಸಂಬಂಧ ಕೊನೆಗೊಂಡ ದಿನದಿಂದ. ಬಾಡಿಗೆಯನ್ನೂ ಪಡೆಯದೆ, ದಾವೆಯನ್ನೂ ಹೂಡದೆ ವರ್ಷಗಟ್ಟಲೆ ಮುನಿಸಿಕೊಂಡು ಕುಳಿತ ಮಾಲೀಕರಿಗೆ ಮಾತ್ರ ಆ ಗಡುವು ನಿಜವಾದ ಅಪಾಯ.

ಅಡ್ವಾನ್ಸ್ ಬಗ್ಗೆ ಎರಡು ಮಾತು ಸಾಕು. ಪತ್ರದಲ್ಲಿ ಎರಡನ್ನೂ ಒಂದಕ್ಕೊಂದು ಕಟ್ಟಿಹಾಕದಿದ್ದರೆ, ಮನೆ ಬಿಡುವುದು ಒಂದು ಕರ್ತವ್ಯ, ಅಡ್ವಾನ್ಸ್ ಮರಳಿಸುವುದು ಇನ್ನೊಂದು ಸಾಲ. ಆದ್ದರಿಂದ 'ಅಡ್ವಾನ್ಸ್ ಪೂರ್ತಿ ಹಿಂದಿರುಗಿಸುವಾಗಲೇ ಬೀಗದ ಕೈ ಒಪ್ಪಿಸತಕ್ಕದ್ದು' ಎಂಬ ಒಂದು ಸಾಲನ್ನು ಬರೆಸಿಕೊಳ್ಳುವುದು ಬಾಡಿಗೆದಾರರ ಹಿತಕ್ಕೆ. ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರಿನ ರೂಢಿ. ಪತ್ರದಲ್ಲಿ ಬರೆದಿದ್ದರೆ ಒಪ್ಪಲೇಬೇಕು, ಬರೆದಿಲ್ಲದಿದ್ದರೆ ಸಹಜ ಬಳಕೆಯಿಂದಾದ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ ಎಂದು 108ನೇ ಸೆಕ್ಷನ್ನೇ ಹೇಳುತ್ತದೆ.

ಇದುವರೆಗೆ ಹೇಳಿದ್ದೆಲ್ಲ ತಿಂಗಳ ಬಾಡಿಗೆಯ ಮಾತು. ಬೆಂಗಳೂರಿನಲ್ಲಿ 'ಮನೆ ಲೀಸ್‌ಗೆ ಇದೆ' ಎಂದು ಬೋರ್ಡ್ ಹಾಕಿದರೆ ಅದರ ಅರ್ಥವೇ ಬೇರೆ. ಹತ್ತೋ ಹದಿನೈದೋ ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣ ವಾಪಸ್ ಪಡೆಯುವ ಪದ್ಧತಿಯದು. ಹಳಬರು ಭೋಗ್ಯ ಎನ್ನುತ್ತಾರೆ. ಈ ಅವಧಿ ಮುಗಿದಾಗ ಆಗುವ ತೊಡಕು ಮೇಲಿನದಕ್ಕಿಂತ ಕಠಿಣ. ಮಾಲೀಕರು ಆ ಹಣವನ್ನು ಮಗಳ ಮದುವೆಗೋ ಮೇಲಿನ ಮಹಡಿ ಕಟ್ಟಿಸಲೋ ಖರ್ಚು ಮಾಡಿರುತ್ತಾರೆ. "ಇನ್ನೊಂದು ಪಾರ್ಟಿ ಬರಲಿ, ಅವರು ಕೊಟ್ಟ ತಕ್ಷಣ ನಿಮಗೆ ಕೊಡುತ್ತೇನೆ" ಎನ್ನುತ್ತಾರೆ. ಹಣ ಬರುವವರೆಗೆ ಬಿಡುವಂತಿಲ್ಲ ಎಂದು ಬಾಡಿಗೆದಾರರೂ ಕೂರುತ್ತಾರೆ. ತಿಂಗಳ ಬಾಡಿಗೆಯೇ ಇಲ್ಲವಾದ್ದರಿಂದ, ಸಮ್ಮತಿಯನ್ನು ತೋರಿಸುವ ಮೇ 5ರ ಜಮೆಯಂಥ ಕುರುಹು ಇಲ್ಲಿ ಯಾವ ತಿಂಗಳೂ ಹುಟ್ಟುವುದಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಇಂಥ ವ್ಯವಹಾರ ಅನೇಕ ವೇಳೆ ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಸೆಕ್ಷನ್ನಿನ ಭೋಗ್ಯದ ಅಡಮಾನಕ್ಕೆ ಹತ್ತಿರವಾದದ್ದು. ಅದು ಸರಿಯಾದ ಅಡಮಾನವಾಗಿದ್ದರೆ, ಹಣ ಮರಳುವವರೆಗೆ ಸ್ವಾಧೀನ ಉಳಿಸಿಕೊಳ್ಳುವ ಬಲ ಹಣ ಕೊಟ್ಟವರಿಗಿದೆ. ಆದರೆ ಅಂಥ ಅಡಮಾನವನ್ನು ನೋಂದಾಯಿಸಬೇಕು, ನಮ್ಮಲ್ಲಿ ಬಹುತೇಕ ಲೀಸ್ ಪತ್ರಗಳು ನೋಟರಿಯ ಮುದ್ರೆಗೇ ನಿಂತುಬಿಡುತ್ತವೆ. ನೋಂದಣಿಯಿಲ್ಲದ ಪತ್ರದಿಂದ ಅಡಮಾನದ ಹಕ್ಕನ್ನು ರುಜುವಾತು ಮಾಡಲಾಗದೆ ಹೋದರೆ ಉಳಿಯುವುದು ಸಾಮಾನ್ಯ ಹಣದ ವಸೂಲಿ ದಾವೆ, ಅದರ ಗಡುವು ಸಾಮಾನ್ಯವಾಗಿ ಮೂರು ವರ್ಷ. ಮನೆಯಲ್ಲೇ ಇದ್ದೇನಲ್ಲ, ಹಣ ಎಲ್ಲಿಗೆ ಹೋಗುತ್ತದೆ ಎಂದು ನೆಮ್ಮದಿಯಿಂದಿರುವವರ ಪಾಲಿಗೆ ಅವಧಿ ಮುಗಿದ ದಿನದಿಂದ ಆ ಮೂರು ವರ್ಷ ಸದ್ದಿಲ್ಲದೆ ಓಡುತ್ತಿರಬಹುದು. ಮಾಲೀಕರು ಈ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡವಿಟ್ಟಿದ್ದು ಸಾಲ ಕಟ್ಟದೆ ಹೋದರಂತೂ ಇನ್ನೂ ಕಷ್ಟ. ಸಾಲ ಕಟ್ಟದವರ ಅಡವಿಟ್ಟ ಆಸ್ತಿಯನ್ನು ಬ್ಯಾಂಕ್ ವಶಪಡಿಸಿಕೊಳ್ಳಲು ಅವಕಾಶ ಕೊಡುವ ಸರ್ಫೇಸಿ ಕಾಯ್ದೆಯ 17ನೇ ಸೆಕ್ಷನ್ನಿಗೆ 2016ರ ತಿದ್ದುಪಡಿಯಿಂದ ಸೇರಿದ ಉಪಸೆಕ್ಷನ್ ಪ್ರಕಾರ, ಬಾಡಿಗೆದಾರರು ಹಕ್ಕು ಹೇಳಿಕೊಂಡು ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋದಾಗ ಅದು ಪರಿಶೀಲಿಸುವ ಮೊದಲ ಅಂಶವೇ ಕರಾರಿನ ಅವಧಿ ಮುಗಿದಿದೆಯೇ ಎಂಬುದು.

ಇಂಥ ಸ್ಥಿತಿಯಲ್ಲಿರುವವರು ಮಾಡಿಕೊಳ್ಳಬಹುದಾದ ಅಗ್ಗದ ಕೆಲಸವೊಂದಿದೆ. ಕಾಲಮಿತಿ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಗಡುವು ಮುಗಿಯುವ ಮೊದಲೇ ಸಾಲಗಾರರು ಬಾಕಿಯನ್ನು ಬರಹದಲ್ಲಿ ಒಪ್ಪಿ ರುಜು ಹಾಕಿದರೆ, ಆ ದಿನದಿಂದ ಹೊಸ ಎಣಿಕೆ ಶುರುವಾಗುತ್ತದೆ. "ಪಾರ್ಟಿ ಬರಲಿ, ಕೊಡುತ್ತೇನೆ" ಎಂದು ಮೆಟ್ಟಿಲ ಬಳಿ ಹೇಳುವ ಮಾಲೀಕರಿಂದ ಆ ಮಾತನ್ನೇ, ಮೊತ್ತ ಮತ್ತು ತಾರೀಕಿನ ಸಮೇತ, ಒಂದು ಬಿಳಿ ಹಾಳೆಯ ಮೇಲೆ ಬರೆಸಿಕೊಂಡು ಕೆಳಗೆ ರುಜು ಹಾಕಿಸಿಕೊಳ್ಳಬೇಕು.